ಗದ್ದೆಗೆ ತೋರಿಸಲೆಂದು ಬರೆದ ಚಿತ್ರ

ಆ ಬಿಳಿ ಗೆರೆ ಅಕ್ಕಿಯದು! ಅಂಗಡಿಯ ಡಬ್ಬಿಯಿಂದ ಬಂದ ಬಣ್ಣವಲ್ಲ, ಸುಣ್ಣವೂ ಅಲ್ಲ. ನೆನೆಹಾಕಿ, ನುಣ್ಣಗೆ ರುಬ್ಬಿ, ಕರಟದಲ್ಲಿ ಕದಡಿಟ್ಟ ಅಕ್ಕಿ. ಅದರ ಹಿಂದಿನ ಕೆಂಪು? ಧರೆಯಿಂದ ಅಗೆದು ತಂದ ಕೆಮ್ಮಣ್ಣು. ಕುಂಚ? ಪುಂಡಿ ನಾರು. ಸೊರಬದ ಕಡೆಯ ಹಳ್ಳಿಯೊಂದರ ಜಗಲಿಯ ಮೇಲೆ ಬೋರಲು ಹಾಕಿದ್ದ ಬಿದಿರ ಬುಟ್ಟಿಯ ಮೈಮೇಲೆ ಭತ್ತದ ಪೈರಿನ ಚಿತ್ರ ಮೂಡುತ್ತಿತ್ತು. ಬರೆಯುತ್ತಿದ್ದುದು ಭತ್ತದಿಂದಲೇ, ಭತ್ತ ಬೆಳೆಯುವ ನೆಲದ ಮಣ್ಣಿನ ಮೇಲೆಯೇ! ಚಿತ್ರದ ವಸ್ತು, ಚಿತ್ರದ ಬಣ್ಣ, ಚಿತ್ರದ ಹಲಗೆ ಮೂರೂ ಒಂದೇ ಗದ್ದೆಯಿಂದ ಎದ್ದು ಬಂದಂತಿವೆ. ಜಗತ್ತಿನ ಯಾವ ಮ್ಯೂಸಿಯಮ್ಮಿನಲ್ಲಿ ಇಂಥದೊಂದು ಸುಗ್ಗಿಯ ಚಿತ್ರವಿದೆ, ಹೇಳಿ ನೋಡೋಣ!

ನಾನು ಹೊರಟಿದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ, ಕದಂಬರ ಸ್ತಂಭ ಶಾಸನ ನೋಡಲು. ದಸರೆ ಮುಗಿದಿತ್ತು, ಹುಣ್ಣಿಮೆ ಬಂದಿರಲಿಲ್ಲ. ದಾರಿಯುದ್ದಕ್ಕೂ ಗದ್ದೆಗಳು ಹೊಡೆ ಹಾಯ್ದು ನಿಂತಿದ್ದವು. ಆ ಜಗಲಿಯ ಹೆಂಗಸು ತಲೆ ಎತ್ತದೆ ಒಂದು ಎಳೆ ಎಳೆಯುತ್ತಿದ್ದರು. ಸ್ಕೇಲಿಲ್ಲ, ಪೆನ್ಸಿಲಿನ ಗುರುತಿಲ್ಲ, ಅಳಿಸಿ ತಿದ್ದುವ ಮಾತೇ ಇಲ್ಲ. ಬುಟ್ಟಿಯ ಉಬ್ಬನ್ನು ಅನುಸರಿಸಿ ಆ ಎಳೆ ಒಂದು ಸುತ್ತು ಹೋಗಿ, ಹೊರಟ ಜಾಗಕ್ಕೇ ಬಂದು ಸೇರಿತು.

“ಎಂಥ ಚೆಂದ ಅಕ್ಕಾ! ಯಾರಿಗೆ ತೋರಿಸೋಕೆ ಇದು?”

“ಯಾರಿಗೆ ಅಂದ್ರೆ? ಗದ್ದೆಗೆ.”

ಗದ್ದೆಗೆ! ತಾಳಗುಂದ ಅಂದಿಗೆ ಅಲ್ಲೇ ಉಳಿಯಿತು. ಒಂದೂವರೆ ಸಾವಿರ ವರ್ಷ ಕಾದ ಕಲ್ಲು ಇನ್ನೊಂದು ದಿನ ಕಾಯುತ್ತದೆ. ಈ ಬುಟ್ಟಿ ಹುಣ್ಣಿಮೆ ಕಳೆದರೆ ಅಟ್ಟ ಸೇರುತ್ತದೆ.

ಇದು ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಯ ಬುಟ್ಟಿ. ಸೊರಬ, ಶಿಕಾರಿಪುರ, ಸಾಗರ, ಹೊಸನಗರ, ಗಡಿ ದಾಟಿದರೆ ಉತ್ತರ ಕನ್ನಡದ ಸಿದ್ದಾಪುರ, ಈ ಮಲೆನಾಡ ಸೆರಗಿನ ದೀವರ ಸಮುದಾಯದ ಮನೆಗಳಲ್ಲಿ ಆಶ್ವೀಜ ಹುಣ್ಣಿಮೆಗೆ ಇದು ಇಲ್ಲದೆ ಆಗದು. ಆ ಹೊತ್ತಿಗೆ ಭತ್ತದ ತೆನೆಯೊಳಗೆ ಹಾಲು ತುಂಬುತ್ತಿರುತ್ತದೆ. ಭೂಮಿ ತುಂಬಿದ ಬಸುರಿ. ಮನೆಯ ಬಸುರಿ ಹೆಣ್ಣುಮಗಳಿಗೆ ಬಯಕೆ ಊಟ ಹಾಕಿ ಸೀಮಂತ ಮಾಡುವ ಜನ ನೆಲದ ತಾಯಿಯನ್ನು ಬಿಟ್ಟಾರೆಯೇ? ಅವಳಿಗೂ ಸೀಮಂತ. ಅವಳ ಊಟ ಹೊತ್ತೊಯ್ಯಲು ಈ ಬುಟ್ಟಿ.

ನವಮಿಯ ಹೊತ್ತಿಗೆ ಬುಟ್ಟಿಗಳು ಅಟ್ಟದಿಂದ ಇಳಿಯುತ್ತವೆ. ದೊಡ್ಡದೊಂದು, ಚಿಕ್ಕದೊಂದು. ಬಿದಿರಿನ ಸಂದುಗಳಿಗೆಲ್ಲ ಸಗಣಿ ಮೆತ್ತಿ ಸಾರಿಸಿ ಒಣಗಿಸುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣಿನ ಲೇಪ. ಅದೂ ಒಣಗಬೇಕು. ಆಮೇಲೆ ಶುರು! ಮೊದಲು ಎಳೆಗಳು, ಬುಟ್ಟಿಯನ್ನು ಸುತ್ತಿ ಮನೆಮನೆಯಾಗಿ ಒಡೆಯುವ ಎಳೆಗಳು. ಆ ಮನೆಗಳೊಳಗೆ ಒಂದೊಂದೇ ಜೀವ ಬಂದು ಕೂರುತ್ತದೆ. ಭತ್ತದ ಸಸಿ, ತೆನೆ, ಏಣಿ, ಅಡಿಕೆ ಮರ, ಎತ್ತಿನ ಗಾಡಿ, ಕೈಕೈ ಹಿಡಿದು ನಿಂತ ಮನುಷ್ಯರ ಸಾಲು. ಮನುಷ್ಯರೆಂದರೆ ಏನು, ತುದಿಗೆ ತುದಿ ಕೂಡಿಸಿದ ಎರಡು ತ್ರಿಕೋನ, ಮೇಲೊಂದು ತಲೆ, ಕೆಳಗೆರಡು ಕಾಲು. ಅಷ್ಟೇ! ಅಷ್ಟರಲ್ಲೇ ಅವರು ನಡೆಯುತ್ತಾರೆ, ನಿಲ್ಲುತ್ತಾರೆ, ಹೊರುತ್ತಾರೆ. ಬುಟ್ಟಿಯನ್ನು ಮೆಲ್ಲಗೆ ತಿರುಗಿಸಿ ನೋಡಿ, ಅವರ ಸಾಲಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಚೌಕಟ್ಟಿನ ಚಿತ್ರಕ್ಕೆ ಎಡ ಬಲ ಎಂಬ ಎರಡು ಗೋಡೆಗಳಿವೆ. ಬುಟ್ಟಿಯ ಚಿತ್ರಕ್ಕೆ ಆ ಕಟ್ಟು ಎಲ್ಲಿದೆ?

ಈಗ ನಾನು ಸ್ವಲ್ಪ ದೂರ ಹೋಗಲೇಬೇಕು, ಫ್ರಾನ್ಸಿನವರೆಗೆ. ಆ ಜಗಲಿಯಲ್ಲಿ ಕೂತಾಗ ನನ್ನ ತಲೆಯೊಳಗೆ ಗಲಾಟೆ ಎಬ್ಬಿಸಿದ್ದು ಇನ್ನೊಂದು ಸುಗ್ಗಿ.

1888ರ ಜೂನ್. ದಕ್ಷಿಣ ಫ್ರಾನ್ಸಿನ ಆರ್ಲ್ ಎಂಬ ಊರಿನಾಚೆ ಲಾ ಕ್ರೋ ಬಯಲು. ಗೋಧಿಯ ಕೊಯ್ಲು ನಡೆದಿದೆ. ಮೂವತ್ತೈದು ವರ್ಷದ ಕೆಂಪುಗಡ್ಡದ ಆಸಾಮಿಯೊಬ್ಬ ನೆತ್ತಿ ಸುಡುವ ಬಿಸಿಲಲ್ಲಿ ಕ್ಯಾನ್ವಾಸ್ ಊರಿಕೊಂಡು ಕೂತಿದ್ದಾನೆ. ವಿನ್ಸೆಂಟ್ ವ್ಯಾನ್ ಗೋ. ಒಂದು ವಾರಕ್ಕಿಂತ ಚೂರು ಹೆಚ್ಚು ದಿನಗಳಲ್ಲಿ ಹತ್ತು ವರ್ಣಚಿತ್ರ, ಐದು ರೇಖಾಚಿತ್ರ! ಆಮೇಲೆ ಜೋರು ಮಳೆ ಬಂದು ಕೊಯ್ಲೂ ನಿಂತಿತು, ಚಿತ್ರವೂ ನಿಂತಿತು. ಅವುಗಳಲ್ಲೊಂದು ಈಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಮ್ಮಿನಲ್ಲಿರುವ ‘ದಿ ಹಾರ್ವೆಸ್ಟ್’. ಹಳದಿಯ ಮೇಲೆ ಹಳದಿ ಚೆಲ್ಲಿದ ಬಯಲು, ನಟ್ಟನಡುವೆ ಒಂದು ನೀಲಿ ಗಾಡಿ, ಹುಲ್ಲಿನ ಬಣವೆ, ಒಂದು ಏಣಿ, ಇರುವೆಯಷ್ಟಾಗಿ ಕಾಣುವ ಕೆಲಸಗಾರರು, ದೂರದಲ್ಲಿ ಬೆಟ್ಟ. ತನ್ನ ಕೈಯಿಂದ ಬಂದ ಉತ್ತಮ ಚಿತ್ರಗಳಲ್ಲಿ ಇದೊಂದು ಎಂದು ಅವನಿಗೇ ಅನಿಸಿತ್ತು.

ಅದೇ ವರ್ಷ ಫ್ರಾನ್ಸಿನ ಇನ್ನೊಂದು ತುದಿ, ಪಶ್ಚಿಮದ ಬ್ರಿಟನಿಯಲ್ಲಿ, ಪಾಂಟ್-ಆವೆನ್ ಎಂಬಲ್ಲಿ ಎಮಿಲ್ ಬರ್ನಾರ್ ಮತ್ತು ಪಾಲ್ ಗೋಗ್ಯಾಂ ಬೇರೊಂದು ಹುಚ್ಚಿಗೆ ಬಿದ್ದಿದ್ದರು. ನೆರಳು ಬೆಳಕಿನ ಆಟ ಸಾಕು, ದೂರ ಹತ್ತಿರದ ಲೆಕ್ಕ ಸಾಕು! ಆಕಾರದ ಸುತ್ತ ದಪ್ಪ ಗೆರೆ ಎಳೆ, ಒಳಗೆ ಒಂದೇ ಬಣ್ಣ ಸಪಾಟಾಗಿ ತುಂಬು. ಹೊಲ ಹಸಿರಾಗಿಯೇ ಇರಬೇಕೆಂದು ಯಾರು ಹೇಳಿದರು? ಗೋಗ್ಯಾಂ ಆ ವರ್ಷ ‘ವಿಷನ್ ಆಫ್ಟರ್ ದಿ ಸರ್ಮನ್’ ಚಿತ್ರದಲ್ಲಿ ಇಡೀ ನೆಲವನ್ನೇ ಕಡುಗೆಂಪು ಮಾಡಿಬಿಟ್ಟ. ಜನ ಕಣ್ಣು ಕಣ್ಣು ಬಿಟ್ಟರು. 1910ರಲ್ಲಿ ಕಲಾವಿಮರ್ಶಕ ರೋಜರ್ ಫ್ರೈ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ವ್ಯಾನ್ ಗೋ, ಗೋಗ್ಯಾಂ ಮೊದಲಾದವರ ಚಿತ್ರ ತೂಗುಹಾಕಿ ‘ಪೋಸ್ಟ್ ಇಂಪ್ರೆಷನಿಸ್ಟ್’ ಎಂದು ಹೆಸರಿಟ್ಟಾಗಲೂ ನೋಡಬಂದವರಲ್ಲಿ ಬಹಳ ಮಂದಿ ನಕ್ಕರು, ರೇಗಿದರು. ಮಕ್ಕಳು ಬರೆದ ಹಾಗಿದೆಯಂತೆ!

ಕೆಂಪು ನೆಲ. ಸಪಾಟು ಆಕಾರ. ಗೆರೆಯೇ ಪ್ರಾಣ. ದೂರವಿಲ್ಲ, ಹತ್ತಿರವಿಲ್ಲ. ಸೊರಬದ ಜಗಲಿಯಲ್ಲಿ ಇವಿಷ್ಟೂ ನನ್ನ ಮೂಗಿನ ತುದಿಯಲ್ಲಿದ್ದವು! ಇಲ್ಲಿ ಅದನ್ನು ಕಂಡು ನಕ್ಕವರಿಲ್ಲ, ರೇಗಿದವರಿಲ್ಲ, ಅದಕ್ಕೊಂದು ಹೊಸ ಪಂಥದ ಹೆಸರು ಬೇಕೆಂದು ಅನಿಸಿದವರೂ ಇಲ್ಲ. ಅತ್ತೆ ಬರೆದಳು, ಸೊಸೆ ನೋಡಿದಳು, ಸೊಸೆ ಬರೆದಳು. ಹಾಗೆಂದು ‘ನಮ್ಮವರು ಪ್ಯಾರಿಸ್ಸಿಗಿಂತ ಮೊದಲೇ ಮಾಡಿದ್ದರು’ ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೆ ನಾನು ಸೇರಲಾರೆ. ದೀವರ ಹೆಂಗಸಿನ ಗೆರೆಗೆ ಗೋಗ್ಯಾಂನ ಸರ್ಟಿಫಿಕೇಟು ಯಾತಕ್ಕೆ? ನನ್ನ ಉಸಿರು ಕಟ್ಟಿಸಿದ್ದು ಹೋಲಿಕೆಯಲ್ಲ. ಅದಕ್ಕಿಂತ ದೊಡ್ಡ ಒಂದು ವ್ಯತ್ಯಾಸ.

ವ್ಯಾನ್ ಗೋ ಬರೆದದ್ದು ಕಣ್ಣೆದುರು ನಡೆಯುತ್ತಿದ್ದ ಕೊಯ್ಲನ್ನು. ಮುಂದಿನ ವರ್ಷ, 1889ರಲ್ಲಿ, ಸೇಂಟ್ ರೆಮಿಯ ಆಸ್ಪತ್ರೆಯ ಕಿಟಕಿಯಿಂದ ಕಂಡ ಗೋಡೆ ಸುತ್ತಿದ ಹೊಲವನ್ನು ಬರೆಯುತ್ತಾನೆ, ಬಂಗಾರದ ಗೋಧಿಯೊಳಗೆ ಕುಡುಗೋಲು ಬೀಸುವ ಒಂಟಿ ಮನುಷ್ಯ. ಅವನಲ್ಲಿ ತನಗೆ ಸಾವು ಕಂಡಿತೆಂದು, ಕೊಯ್ಯಿಸಿಕೊಳ್ಳುವ ಗೋಧಿ ಮನುಷ್ಯಕುಲವೆಂದು, ಆದರೆ ಈ ಸಾವು ಹಾಡಹಗಲಲ್ಲಿ ಬಿಸಿಲು ಸುರಿವಾಗ ಬರುತ್ತದೆ, ಅದರಲ್ಲಿ ದುಃಖವಿಲ್ಲವೆಂದು ತಮ್ಮ ಥಿಯೋಗೆ ಬರೆದ ಕಾಗದದಲ್ಲಿ ಹೇಳುತ್ತಾನೆ. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೂ ನೋಡಿ, ಅಲ್ಲಿ ಚಿತ್ರ ಕೊಯ್ಲಿನ ಹಿಂದೆ ಹಿಂದೆ ಬರುತ್ತದೆ. ಪೈರು ಬಲಿತು, ಕುಡುಗೋಲು ಇಳಿದ ಮೇಲೆ ಕುಂಚ.

ಸೊರಬದಲ್ಲಿ ಚಿತ್ರ ಮುಂದೆ, ಕೊಯ್ಲು ಹಿಂದೆ! ಹುಣ್ಣಿಮೆಯ ದಿನ ಗದ್ದೆಯಲ್ಲಿ ಕಾಳೇ ಇಲ್ಲ. ತೆನೆ ಹಿಸುಕಿದರೆ ಬೆರಳಿಗೆ ಹಾಲು ಅಂಟುತ್ತದೆ, ಅಷ್ಟೇ. ಕೊಯ್ಲಿಗೆ ಇನ್ನೂ ಕಾರ್ತೀಕ ಕಳೆಯಬೇಕು. ನಡುವೆ ಅಕಾಲದ ಮಳೆ ಬರಬಹುದು, ಹುಳ ಬೀಳಬಹುದು, ಕಾಡುಹಂದಿ ನುಗ್ಗಬಹುದು. ಬುಟ್ಟಿಯ ಮೇಲೆ ಮಾತ್ರ ತೆನೆ ಆಗಲೇ ಬಲಿತಿದೆ, ಏಣಿ ಬಣವೆಗೆ ಆನಿಕೊಂಡಿದೆ, ಗಾಡಿ ಹೂಡಿದೆ. ಅದನ್ನು ಬರೆದಿರುವುದೂ ಹೋದ ವರ್ಷದ ಅಕ್ಕಿಯಿಂದ. ಹಳೆಯ ಬೆಳೆಯನ್ನು ಅರೆದು ಬರಲಿರುವ ಬೆಳೆಯ ಚಿತ್ರ ಬರೆದು, ಅದನ್ನು ಬಸುರಿ ಗದ್ದೆಯ ಕಣ್ಣೆದುರು ಹಿಡಿಯುತ್ತಾರೆ! ‘ಹೀಗೆ ಆಗು’ ಎಂದು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಆ ಹೆಂಗಸು “ಗದ್ದೆಗೆ” ಎಂದದ್ದರಲ್ಲಿ ಕವಿತೆಯ ಬೆಡಗೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಬುಟ್ಟಿ ಗದ್ದೆಗೆ ಹೋಗುವ ರಾತ್ರಿಯನ್ನು ಕೇಳಿ. ಮನೆಯ ಹೆಂಗಸರಿಗೆ ಆ ರಾತ್ರಿ ನಿದ್ದೆಯಿಲ್ಲ. ಬೇಲಿ, ಹಿತ್ತಿಲು, ಕಾಡಂಚು ಅಲೆದು ಕಿತ್ತು ತಂದ ಬಗೆಬಗೆಯ ಸೊಪ್ಪು ರಾಶಿ ಬಿದ್ದಿರುತ್ತದೆ. ನೂರೊಂದು ಬಗೆ ಎನ್ನುತ್ತಾರೆ, ಯಾರೂ ಎಣಿಸಲು ಹೋಗುವುದಿಲ್ಲ. ಸೊಪ್ಪಿನ ಜೊತೆಗೆ ಹೀರೆ, ಹಾಗಲ, ಅಮಟೆ ಎಲ್ಲ ಸೇರಿ ಬೆಂದು ಹಚ್ಚಂಬಲಿಯಾಗುತ್ತದೆ. ಇನ್ನೊಂದು ಒಲೆಯ ಮೇಲೆ ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಬುತ್ತಿ, ಪಾಯಸ. ಹಚ್ಚಂಬಲಿ ಚಿಕ್ಕ ಬುಟ್ಟಿಗೆ, ಉಳಿದ ಎಡೆಯೆಲ್ಲ ದೊಡ್ಡ ಬುಟ್ಟಿಗೆ. ಬರೆದವರು ಹೆಂಗಸರು, ಹೊರುವವರು ಗಂಡಸರು. ನಸುಕು ಹರಿಯುವ ಮೊದಲೇ ಕೈಯಲ್ಲಿ ಬೆಳಕು ಹಿಡಿದು ಮಂಜು ಸೀಳುತ್ತಾ ಗದ್ದೆಗೆ ಇಳಿಯುತ್ತಾರೆ. ಬದುವಿನ ಮೇಲೆ ನಡೆಯುತ್ತಾ, ಓಡುತ್ತಾ, ಹಚ್ಚಂಬಲಿಯನ್ನು ಪೈರಿಗೆ ಬೀರುತ್ತಾ, ಭೂಮಿತಾಯಿಯನ್ನು ಊಟಕ್ಕೆ ಕೂಗುತ್ತಾರೆ. ಒಂದು ಗದ್ದೆಯ ಕೂಗಿಗೆ ಆಚೆ ದಿಂಬದ ಗದ್ದೆಯ ಕೂಗು, ಅದಕ್ಕೆ ಕೆರೆಯಾಚೆಯ ಕೂಗು. ಬೆಳಗಿನ ಜಾವದ ಆ ಕತ್ತಲಲ್ಲಿ ಇಡೀ ತಾಲ್ಲೂಕೇ ಎದ್ದು ನೆಲವನ್ನು ಮಾತಾಡಿಸುತ್ತಿದೆ!

ಬೆಳಗಾದ ಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲಿ. ಪೈರಿನ ಬುಡದಲ್ಲಿ ಪೂಜೆ. ಹೆಂಗಸರು ತಮ್ಮ ಕೊರಳ ತಾಳಿ, ಸರ ತೆಗೆದು ಭತ್ತದ ಹಿಂಡಿಗೆ ತೊಡಿಸುತ್ತಾರೆ. ಕಾಗೆಗೆ ಎಡೆ, ಇಲಿಗೂ ಎಡೆ. ಹೌದು, ಇಲಿಗೆ! ತಿನ್ನಲು ಬರುವವನನ್ನು ಮೊದಲೇ ಕರೆದು ಉಣಬಡಿಸಿದರೆ ಅವನಿಗೂ ದಾಕ್ಷಿಣ್ಯವಾದೀತು. ಕಡುಬೊಂದನ್ನು ಗದ್ದೆಯಲ್ಲೇ ಹೂಳುತ್ತಾರೆ, ಕೊಯ್ಲಿನ ದಿನ ಅಗೆದು ಪ್ರಸಾದವಾಗಿ ಹಂಚಿಕೊಳ್ಳುವ ವಾಡಿಕೆಯೂ ಉಂಟು.

ಬುಟ್ಟಿಯ ಅಕ್ಷರಮಾಲೆ ದೊಡ್ಡದಾಗಿ ಅರಳಿರುವುದನ್ನು ನೋಡಬೇಕಾದರೆ ದೀವರ ಹಸೆಗೋಡೆಯ ಮುಂದೆ ನಿಲ್ಲಬೇಕು. ಮದುವೆಯಲ್ಲಿ ಮದುಮಕ್ಕಳು ಹಸೆಗೆ ಕೂರುವ ಜಾಗದ ಹಿಂದಿನ ಗೋಡೆ. ಅದೂ ಕೆಮ್ಮಣ್ಣು, ಅದೂ ಅಕ್ಕಿ. ಜೊತೆಗೆ ಗುರಿಗೆ ಕಾಯಿಯಿಂದ ತೆಗೆದ ಹಳದಿ, ಕರಕಾಗುವಷ್ಟು ಹುರಿದ ಅಕ್ಕಿಯ ಕಪ್ಪು. ಕಪ್ಪೂ ಅಕ್ಕಿಯೇ! ನಿಲಿ, ಮೂಲೆ ಆರತಿ, ಜೋಗಿ ಜಡೆ, ಬಾಸಿಂಗ ಎಂದು ಹೆಸರು ಹೊತ್ತ ಆಕೃತಿಗಳು ಚೌಕದೊಳಗೆ ಚೌಕವಾಗಿ ಕೂಡುತ್ತಾ ಹೋಗುತ್ತವೆ. ಎಳೆಗಳು ಎಷ್ಟು ಒತ್ತೊತ್ತಾಗಿ ಸಾಗುತ್ತವೆಂದರೆ ಕಣ್ಣು ಒಂದನ್ನು ಹಿಡಿದು ಹೊರಟರೆ ಇನ್ನೊಂದಕ್ಕೆ ಜಾರುತ್ತದೆ. ಹೆಂಗಸರು ಹಾಡಿಕೊಳ್ಳುತ್ತಲೇ ಬರೆಯುತ್ತಾರೆ. ಹಾಡಿನ ಓಟ ಕೈಗೆ ಇಳಿಯುತ್ತದೋ, ಕೈಯ ಓಟ ಕೊರಳಿಗೆ ಏರುತ್ತದೋ! ಸಾಗರದ ಸಿರಿವಂತೆಯ ಚಂದ್ರಶೇಖರರಂಥ ಕಲಾವಿದರು ಇದನ್ನು ಗೋಡೆಯಿಂದ ಕಾಗದಕ್ಕೂ ತಂದಿದ್ದಾರೆ, ಈಗ ಅದು ಬೆಂಗಳೂರಿನ ಮೇಳಗಳವರೆಗೂ ಬಂದಿದೆ. ಬರಲಿ. ಆದರೆ ಗಾಜಿನ ಹಿಂದೆ ಕೂತ ಚಿತ್ತಾರಕ್ಕೆ ಉಣಿಸಲು ಯಾರೂ ಇಲ್ಲ ಎಂಬ ಒಂದು ಚಿಕ್ಕ ಕೊರಗು ನನಗಿದೆ.

ಇಷ್ಟು ಹೊತ್ತು ಅಕ್ಕಿ ಅಕ್ಕಿ ಎಂದೆನಲ್ಲ, ಆ ಅಕ್ಕಿ ಯಾರದು? ಇಲ್ಲಿ ನನ್ನ ಬೆರಗಿನ ಬಣ್ಣ ಬದಲಾಗುತ್ತದೆ. ಗದ್ದೆಗೆ ಸೀಮಂತ ಮಾಡುತ್ತಿದ್ದ ದೀವರಲ್ಲಿ ಬಹುಪಾಲು ಮಂದಿಗೆ ಆ ಗದ್ದೆ ಸ್ವಂತದ್ದಾಗಿರಲಿಲ್ಲ. ಅವರು ಗೇಣಿದಾರರು. ಉತ್ತವರು, ನೆಟ್ಟವರು, ಕೊಯ್ದವರು ಇವರು, ಕಣದಲ್ಲಿ ಕೊಳಗ ಹಿಡಿದು ನಿಲ್ಲುತ್ತಿದ್ದುದು ಒಡೆಯರ ಕಡೆಯವರು. ಆ ಕೊಳಗವೂ ಸರಕಾರದ ಅಳತೆಗಿಂತ ದೊಡ್ಡದು! ಸೊರಬಕ್ಕೆ ಆತುಕೊಂಡ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಸಿಡಿದದ್ದು ಇದೇ ಕೊಳಗದ ಜಗಳ. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರ ಸಮಾಜವಾದಿಗಳು ಬೆನ್ನಿಗೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ಅಲ್ಲಿಂದಾಚೆಗಲ್ಲವೇ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಪಹಣಿಗೆ ಇಳಿದದ್ದು!

ಈಗ ಆ ಬುಟ್ಟಿಯನ್ನು ಮತ್ತೆ ನೋಡಿ. ತಲೆತಲಾಂತರ ತಮ್ಮದಲ್ಲದ ಗದ್ದೆಗೆ, ಕೊಳಗದ ಕೆಳಗೆ ಕರಗಿಹೋಗುವ ಭತ್ತಕ್ಕೆ, ಉಣ್ಣಲಿಕ್ಕೇ ಸಾಲದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ರುಬ್ಬಿ ಚಿತ್ರ ಬರೆದರಲ್ಲ ಆ ಹೆಂಗಸರು! ಪಹಣಿಯಲ್ಲಿ ಯಾರ ಹೆಸರಾದರೂ ಇರಲಿ, ಆಶ್ವೀಜದ ಆ ಬೆಳಗು ಗದ್ದೆಯ ನೆಂಟರು ಅವರೇ. ಒಡೆಯನ ಮನೆಯಿಂದ ಯಾರೂ ಹಾಗೆ ಕತ್ತಲಲ್ಲಿ ಓಡಿ ಬಂದು ಕೂಗಿ ಉಣಿಸಿದ್ದನ್ನು ನಾನು ಕೇಳಿಲ್ಲ.

ಮಾರನೆಯ ದಿನ ತಾಳಗುಂದಕ್ಕೂ ಹೋದೆ, ಹತ್ತಿರದ ಬಳ್ಳಿಗಾವಿಗೂ ಹೋದೆ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳಲ್ಲಿ ಕಲ್ಲಿಗೆ ಬರವಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೇ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ 8ನೇ ಸಂಪುಟದಲ್ಲಿ (1904) ಸೊರಬದವನ್ನೂ ಅಚ್ಚು ಹಾಕಿಸಿದಾಗ ರಾಶಿ ರಾಶಿ ಕಲ್ಲುಗಳು ಬಾಯಿ ಬಿಟ್ಟವು. ವೀರಗಲ್ಲುಗಳನ್ನು ನೋಡುತ್ತಾ ನಡೆದೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ತುರು ಬಿಡಿಸಲು ಹೋಗಿ ಬಿದ್ದ ವೀರ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಕೈಲಾಸ. ಬರೆಹದ ಶಾಸನಗಳಲ್ಲಿ ದಾನ ಕೊಟ್ಟ ಗದ್ದೆಗಳ ಲೆಕ್ಕ ಮತ್ತರು ಮತ್ತರಾಗಿ ಸಿಗುತ್ತದೆ. ಆ ಮತ್ತರುಗಳಲ್ಲಿ ಬಾಗಿ ನಟ್ಟಿ ಮಾಡಿದವಳು, ಕುಡುಗೋಲು ಹಿಡಿದವಳು ಎಲ್ಲಿ? ನಾನು ನೋಡಿದ ಕಲ್ಲುಗಳಲ್ಲಿ ಒಂದರಲ್ಲೂ ಇಲ್ಲ! ಇಲ್ಲಿನ ಕೊಯ್ಲಿನ ಚಿತ್ರಶಾಲೆ ಉಳಿದು ಬಂದದ್ದು ಕಲ್ಲಿನಲ್ಲಲ್ಲ, ಪ್ರತಿ ವರ್ಷ ಸಗಣಿ ಮೆತ್ತಿ ಮುಚ್ಚಿ ಹೊಸದಾಗಿ ಬರೆಯುವ ಬುಟ್ಟಿಯ ಮೇಲೆ. ಉಳಿಸಬೇಕೆಂದು ಯಾರೂ ಹಟ ಹಿಡಿಯದ್ದಕ್ಕೇ ಅದು ಉಳಿಯಿತೇನೋ.

ಶಿಕಾರಿಪುರದಿಂದ ಬಡಗಣಕ್ಕೆ ಸರಿದಂತೆ ಮಲೆನಾಡು ಬಯಲಿಗೆ ಕರಗುತ್ತದೆ. ಅಲ್ಲಿಂದಾಚೆ ಹಾವೇರಿ ಧಾರವಾಡದ ಕಡೆ ಇದೇ ಹುಣ್ಣಿಮೆ ಸೀಗಿ ಹುಣ್ಣಿಮೆಯಾಗಿ, ಹಚ್ಚಂಬಲಿಯ ಜಾಗಕ್ಕೆ ಚರಗ ಬರುತ್ತದೆ, ನೆಲಕ್ಕೆ ಉಣಿಸುವುದು ಅದೇ. ಬದಲಾಗುತ್ತಿರುವುದು ಉಣ್ಣುವ ಪೈರು. ಸೊರಬದ ತಗ್ಗು ಗದ್ದೆಗಳಿಗೆ ಅಡಿಕೆ ಇಳಿದಿದೆ, ಶುಂಠಿ ಬಂದಿದೆ. ಶಿಕಾರಿಪುರದಲ್ಲಿ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಉಳಿದ ಭತ್ತವನ್ನು ಕೊಯ್ಯಲು ಯಂತ್ರ ಬರುತ್ತದೆ, ಕಣವೂ ಬೇಡ, ಏಣಿಯೂ ಬೇಡ.

ಹಾಗಾದರೆ ಭತ್ತದ ಗದ್ದೆಯೇ ಇಲ್ಲದ ಮನೆಯವರು ಹುಣ್ಣಿಮೆಗೆ ಏನು ಮಾಡುತ್ತಾರೆ? ಆ ಜಗಲಿಯ ಅಕ್ಕನನ್ನು ಕೇಳಿದ್ದೆ. “ಗದ್ದೆಗೆ” ಎಂದಿದ್ದ ಅವರ ಮನೆಯ ಗದ್ದೆಯೇ ತೋಟವಾಗಿ ಕೆಲವು ವರ್ಷಗಳೇ ಆಗಿವೆಯಂತೆ! ಬುಟ್ಟಿ ತೋಟಕ್ಕೆ ಹೋಗುತ್ತದೆ, ಹಚ್ಚಂಬಲಿ ಅಡಿಕೆ ಮರದ ಬುಡಕ್ಕೆ ಬೀಳುತ್ತದೆ, ತಾಳಿ ಬಾಳೆಗೋ ಅಡಿಕೆಗೋ ಏರುತ್ತದೆ. ರುಬ್ಬಲು ಅಕ್ಕಿ ಅಂಗಡಿಯಿಂದ. ಮತ್ತೆ ಬುಟ್ಟಿಯ ಮೇಲೆ ಈಗಲೂ ಭತ್ತದ ಸಸಿಯನ್ನೇ ಬರೆಯುತ್ತೀರಲ್ಲ ಎಂದರೆ, ನನ್ನ ತಲೆ ಸರಿಯಿದೆಯೇ ಎಂಬಂತೆ ನೋಡಿ, ನಾರನ್ನು ಅಕ್ಕಿಹಿಟ್ಟಿಗೆ ಅದ್ದಿ ಇನ್ನೊಂದು ಸಸಿ ನೆಟ್ಟರು.

“ಮತ್ತೆಂತ ಬರಿಯದು?”